ಒಂದೇ ‘ಬೇಸಾಯ’, ಎರಡು ರಿಕ್ವೆಸ್ಟ್

ಕೆಲವು ವರ್ಷದ ಹಿಂದೆ ಒಂದು ಸಣ್ಣ ಗ್ರಂಥಾಲಯದ ಪುಸ್ತಕ ಪಟ್ಟಿಯನ್ನು ವೆಬ್‌ಗೆ ಹಾಕುವ ಕೆಲಸ ನನಗೆ ಸಿಕ್ಕಿತ್ತು. ಒಂದು ಪುಟ, ಅದರಲ್ಲಿ ಒಂದು ಹುಡುಕುವ ಪೆಟ್ಟಿಗೆ, ಅಷ್ಟೇ. ಪುಟ ಶುರುವಾದ ವಾರದಲ್ಲೇ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ‘ಬೇಸಾಯದ ಮೇಲೆ ಪುಸ್ತಕ ಇದೆ ಅಂತ ನನಗೆ ಗೊತ್ತು ಕಣಪ್ಪಾ. ನಾನೇ ಎರಡು ಸಲ ಮನೆಗೆ ತಂದು ಓದಿದ್ದೀನಿ. ನಿನ್ನ ಪುಟ ಮಾತ್ರ ಇಲ್ಲ ಅನ್ನುತ್ತೆ.’

ನಾನು ನನ್ನ ಕಂಪ್ಯೂಟರ್‌ನಲ್ಲಿ ‘ಬೇಸಾಯ’ ಅಂತ ಹಾಕಿ ನೋಡಿದೆ. ಏಳು ಪುಸ್ತಕ ಬಂದವು. ಅವರು ಅದೇ ಪದ ಹಾಕಿದರೆ ಒಂದೂ ಇಲ್ಲ. ಫೋನಿನಲ್ಲಿ ಅಕ್ಷರ ಅಕ್ಷರ ಬಿಡಿಸಿ ಹೇಳಿಸಿಕೊಂಡೆ. ಕಾಗುಣಿತದಲ್ಲಿ ತಪ್ಪೇನೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದೇ. ಅವರ ಬ್ರೌಸರ್ ನಮ್ಮ ಸರ್ವರ್‌ಗೆ, ಅಂದರೆ ಪುಟವನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ಕಂಪ್ಯೂಟರಿಗೆ, ನಿಜವಾಗಿ ಏನು ಬರೆದು ಕಳಿಸುತ್ತಿದೆ ಅಂತ ಓದಬೇಕು. ಯಾಕೆಂದರೆ ಸರ್ವರ್‌ಗೆ ಮೇಷ್ಟ್ರು ಕಾಣುವುದಿಲ್ಲ, ಅವರ ಪರದೆಯೂ ಕಾಣುವುದಿಲ್ಲ. ಹೋಟೆಲಿನಲ್ಲಿ ದೋಸೆ ಹುಯ್ಯುವವರ ಕೈಗೆ ಬರುವ ಟೋಕನ್ ನೆನಪಿಸಿಕೊಳ್ಳಿ. ದುಡ್ಡು ಕೊಟ್ಟವರು ಯಾರು, ಎಲ್ಲಿಂದ ಬಂದರು, ಅವರಿಗೆ ಗೊತ್ತಿಲ್ಲ. ಟೋಕನ್‌ನಲ್ಲಿ ಮಸಾಲೆ ಅಂತಿದ್ದರೆ ಮಸಾಲೆ, ಖಾಲಿ ಅಂತಿದ್ದರೆ ಖಾಲಿ. ಸರ್ವರ್‌ನ ಪಾಡೂ ಅದೇ. ಎಚ್‌ಟಿಟಿಪಿ ಅಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಕ್ರಮ. ಎಚ್‌ಟಿಟಿಪಿ ರಿಕ್ವೆಸ್ಟ್ ಅನ್ನುವ ಒಂದು ಚೀಟಿ ಬರುತ್ತದೆ. ಅದರಲ್ಲಿ ಇದ್ದಷ್ಟೇ ಅದಕ್ಕೆ ಗೊತ್ತು. ಮುಂದಿನ ಚೀಟಿ ಬರುವಾಗ ಹಿಂದಿನದು ನೆನಪಿರುವುದಿಲ್ಲ. ನೀವು ಲಾಗಿನ್ ಆದವರು ಅಂತ ಅದಕ್ಕೆ ತಿಳಿಯಬೇಕಾದರೆ, ಬ್ರೌಸರ್ ಪ್ರತಿ ಸಲವೂ ‘ಕುಕಿ’ ಅನ್ನುವ ಗುರುತನ್ನು ಚೀಟಿಯಲ್ಲಿ ಬರೆದೇ ಕಳಿಸಬೇಕು.

ಮೊದಮೊದಲು ಈ ಚೀಟಿ ಒಂದೇ ಸಾಲಿನದಾಗಿತ್ತು. ಟಿಮ್ ಬರ್ನರ್ಸ್-ಲೀ ಜಿನೀವಾದ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ವೆಬ್ ಕಟ್ಟಿದಾಗ, 1991ರ ಎಚ್‌ಟಿಟಿಪಿಯಲ್ಲಿ ‘ಗೆಟ್’ ಅನ್ನುವ ಪದ, ಅದರ ಮುಂದೆ ಪುಟದ ದಾರಿ, ಇಷ್ಟೇ ಇರುತ್ತಿತ್ತು. 1996ರಲ್ಲಿ 1.0 ಆವೃತ್ತಿಯನ್ನು ದಾಖಲಿಸುವ ಹೊತ್ತಿಗೆ ಆ ಸಾಲಿನ ಕೆಳಗೆ ಇನ್ನಷ್ಟು ಸಾಲು ಸೇರಿದ್ದವು. ಅವೇ ಹೆಡರ್‌ಗಳು. ಒಂದೊಂದು ಸಾಲಿನಲ್ಲಿ ಒಂದು ಹೆಸರು, ಒಂದು ಕೋಲನ್, ಒಂದು ಉತ್ತರ. ಕೊನೆಗೆ ಒಂದು ಖಾಲಿ ಸಾಲು. ಅದರ ಕೆಳಗೆ, ಇದ್ದರೆ, ಒಡಲು: ನೀವು ತುಂಬಿದ ಫಾರ್ಮ್, ಏರಿಸಿದ ಫೋಟೊ ಇಂಥವು.

ಆ ಖಾಲಿ ಸಾಲು ಸಣ್ಣ ವಿಷಯ ಅನ್ನಿಸಬಹುದು. ಆದರೆ ಅದು ಬರುವ ತನಕ ಹೆಡರ್ ಮುಗಿದಿಲ್ಲ ಅಂತಲೇ ಸರ್ವರ್ ಕಾಯುತ್ತದೆ. 2009ರಲ್ಲಿ ಬಂದ ‘ಸ್ಲೋಲೋರಿಸ್’ ಅನ್ನುವ ದಾಳಿಯ ಗುಟ್ಟೇ ಇದು. ಸಾವಿರಾರು ಸಂಪರ್ಕ ತೆರೆದು, ಪ್ರತಿಯೊಂದರಲ್ಲೂ ಒಂದೊಂದೇ ಹೆಡರನ್ನು ನಿಧಾನವಾಗಿ ಕಳಿಸುತ್ತಾ, ಖಾಲಿ ಸಾಲನ್ನು ಮಾತ್ರ ಕಳಿಸದೆ ಇರುವುದು. ಸರ್ವರ್ ಕಾದು ಕಾದು ಬೇರೆ ಯಾರಿಗೂ ಉತ್ತರ ಕೊಡಲಾಗದೆ ಸೋಲುತ್ತದೆ. ಲೋರಿಸ್ ಅಂದರೆ ನಮ್ಮ ಕಾಡುಪಾಪದ ಬಳಗದ ಪ್ರಾಣಿ. ಅದರ ಮೆಲ್ಲನೆಯ ನಡಿಗೆಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ.

ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಬಂದ ರಿಕ್ವೆಸ್ಟನ್ನು ಇದ್ದಂತೆಯೇ ಒಂದು ಫೈಲಿಗೆ ಬರೆದಿಡುವ ನಾಲ್ಕು ಸಾಲು ಸೇರಿಸಿ, ‘ಇನ್ನೊಂದು ಸಲ ಹುಡುಕಿ ಸಾರ್’ ಅಂದೆ. ಪ್ರೋಗ್ರಾಂ ಬರೆಯುವವರಿಗೆ ಇದು ಕಷ್ಟದ ಕೆಲಸವಲ್ಲ. ಪಿಎಚ್‌ಪಿ ಇರಲಿ, ಪೈಥಾನ್ ಇರಲಿ, ಜಾವಾ ಇರಲಿ, ಬಂದ ಚೀಟಿಯನ್ನು ಬಿಡಿಸಿ ‘ರಿಕ್ವೆಸ್ಟ್’ ಅನ್ನುವ ಒಂದು ವಸ್ತುವಾಗಿ ಕೈಗೆ ಕೊಡುತ್ತವೆ. ಇದರ ಬೇರು 1993ರಲ್ಲಿ ರೂಪುಗೊಂಡ ಸಿಜಿಐ ಪದ್ಧತಿಯಲ್ಲಿದೆ, ಸರ್ವರ್ ತನಗೆ ಬಂದ ಚೀಟಿಯನ್ನು ಪ್ರೋಗ್ರಾಮಿಗೆ ದಾಟಿಸುವ ಕ್ರಮ ಅದು. ಹೆಡರ್‌ನ ಹೆಸರಿಗೆ ಮುಂದೆ ‘ಎಚ್‌ಟಿಟಿಪಿ’ ಅಂತ ಸೇರಿಸಿ, ಅಡ್ಡಗೆರೆಗಳನ್ನು ಕೆಳಗೆರೆ ಮಾಡಿ ಪ್ರೋಗ್ರಾಮಿಗೆ ಒಪ್ಪಿಸುವ ರೂಢಿ ಆಗ ಶುರುವಾದದ್ದು. ಪಿಎಚ್‌ಪಿಯಲ್ಲಿ ಇವತ್ತಿಗೂ ಅದೇ ಹೆಸರುಗಳು.

ಫೈಲ್ ತೆರೆದೆ. ನನ್ನ ಅನುಮಾನ ಮೊದಲು ಹೋಗಿದ್ದು ‘ಯೂಸರ್-ಏಜೆಂಟ್’ ಸಾಲಿನ ಮೇಲೆ. ಯಾವ ಬ್ರೌಸರ್ ಅಂತ ಅದು ಹೇಳಬೇಕು. ಹೇಳುತ್ತದೆ, ಆದರೆ ಸುತ್ತಿ ಬಳಸಿ. 1990ರ ದಶಕದಲ್ಲಿ ಕೆಲವು ಸರ್ವರ್‌ಗಳು ‘ಮೊಜಿಲ್ಲಾ’ ಅಂತ ಹೇಳಿಕೊಂಡ ನೆಟ್‌ಸ್ಕೇಪ್‌ಗೆ ಮಾತ್ರ ಚೆನ್ನಾದ ಪುಟ ಕೊಡುತ್ತಿದ್ದವು. ಹಾಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ತಾನು ಮೊಜಿಲ್ಲಾ ಅಂದಿತು. ಆಮೇಲೆ ಬಂದವರೂ ಅದೇ ದಾರಿ ಹಿಡಿದರು. ಈಗ ಕ್ರೋಮ್, ಸಫಾರಿ, ಎಡ್ಜ್ ಎಲ್ಲದರ ಸಾಲೂ ‘ಮೊಜಿಲ್ಲಾ 5.0’ ಅಂತಲೇ ಶುರುವಾಗುತ್ತದೆ. ಮೇಷ್ಟ್ರದು ಕ್ರೋಮ್, ನನ್ನದೂ ಕ್ರೋಮ್. ಅಲ್ಲಿ ಏನೂ ಸಿಗಲಿಲ್ಲ.

ಈ ಸಾಲಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಇದರಲ್ಲಿ ಯಾರು ಏನು ಬೇಕಾದರೂ ಬರೆದು ಕಳಿಸಬಹುದು. 2021ರ ಡಿಸೆಂಬರ್‌ನಲ್ಲಿ ಅದರ ಬೆಲೆ ಇಡೀ ಜಗತ್ತಿಗೆ ಗೊತ್ತಾಯಿತು. ಜಾವಾದ ‘ಲಾಗ್‌ಫೋರ್‌ಜೆ’ ಅನ್ನುವುದು ದಿನಚರಿ ಬರೆದಿಡುವ ಒಂದು ಸಲಕರಣೆ. ಅಸಂಖ್ಯ ಪ್ರೋಗ್ರಾಮುಗಳು ಅದನ್ನು ಬಳಸುತ್ತಿದ್ದವು. ಬರೆದಿಡಬೇಕಾದ ಪಠ್ಯದಲ್ಲಿ ಒಂದು ವಿಶೇಷ ಬಗೆಯ ಬರಹ ಇದ್ದರೆ, ಅದು ಸುಮ್ನೆ ಬರೆದಿಡುತ್ತಿರಲಿಲ್ಲ. ಅಲ್ಲಿ ಹೇಳಿದ ವಿಳಾಸಕ್ಕೆ ಹೋಗಿ, ಸಿಕ್ಕಿದ್ದನ್ನು ತಂದು ಓಡಿಸಿಬಿಡುತ್ತಿತ್ತು. ದಾಳಿ ಮಾಡುವವರು ಆ ಬರಹವನ್ನು ಯೂಸರ್-ಏಜೆಂಟ್ ಸಾಲಿಗೆ ತುಂಬಿ ಸಿಕ್ಕ ಸಿಕ್ಕ ಸರ್ವರ್‌ಗೆ ಕಳಿಸಿದರು. ಈ ದೋಷದ ತೀವ್ರತೆಗೆ 10ಕ್ಕೆ 10 ಅಂಕ ಕೊಡಲಾಯಿತು. ಯಾರೋ ಬರೆದ ಸಾಲನ್ನು ದಾಖಲೆಗೆ ಹಾಕಿಕೊಂಡದ್ದೇ ಮನೆಯ ಬಾಗಿಲು ತೆರೆದಂತಾಯಿತು. ನಾನೂ ಆಗ ಮಾಡುತ್ತಿದ್ದದ್ದು ಅದೇ ಕೆಲಸ ಅಲ್ವಾ, ಬಂದದ್ದನ್ನು ಫೈಲಿಗೆ ಬರೆಯುವುದು. ಆ ಸುದ್ದಿ ಬಂದ ಮೇಲೆ ಹೆಡರ್‌ಗಳನ್ನು ನಾನು ಓದುವ ರೀತಿಯೇ ಬದಲಾಯಿತು.

ಐಪಿ ವಿಳಾಸವನ್ನೂ, ಅಂದರೆ ಜಾಲದಲ್ಲಿ ಒಂದು ಕಂಪ್ಯೂಟರಿನ ಗುರುತನ್ನೂ, ಜನ ಜಾಸ್ತಿ ನಂಬುತ್ತಾರೆ. ಅದು ಚೀಟಿಯ ಒಳಗೆ ಇರುವುದಿಲ್ಲ, ಸಂಪರ್ಕದಿಂದ ತಿಳಿಯುತ್ತದೆ. ನಡುವೆ ಪ್ರಾಕ್ಸಿ, ಅಂದರೆ ಚೀಟಿಯನ್ನು ದಾಟಿಸುವ ಇನ್ನೊಂದು ಕಂಪ್ಯೂಟರ್, ಇದ್ದರೆ ಸರ್ವರ್‌ಗೆ ಕಾಣುವುದು ಪ್ರಾಕ್ಸಿಯ ವಿಳಾಸ. ಮೊಬೈಲ್ ಜಾಲದಲ್ಲಂತೂ ಒಂದೇ ವಿಳಾಸದ ಹಿಂದೆ ಬಹಳ ಜನ ಇರಬಹುದು.

ಮುಂದಿನ ಸಾಲು ನೋಡಿ ನಾನು ಸ್ವಲ್ಪ ಹೊತ್ತು ಹಾಗೇ ಕೂತೆ. ‘ಆಕ್ಸೆಪ್ಟ್-ಲ್ಯಾಂಗ್ವೇಜ್’. ಓದುಗರಿಗೆ ಯಾವ ಭಾಷೆ ಬೇಕು ಅಂತ ಬ್ರೌಸರ್ ಹೇಳುವ ಸಾಲು. ಮೇಷ್ಟ್ರ ಚೀಟಿಯಲ್ಲಿ ಮೊದಲು ‘ಕೆಎನ್’ ಇತ್ತು, ಅಂದರೆ ಕನ್ನಡ. ಅದರ ಹಿಂದೆ, 0.8ರ ತೂಕದಲ್ಲಿ, ಇಂಗ್ಲಿಷ್. ಕನ್ನಡ ಸಿಕ್ಕರೆ ಕನ್ನಡ ಕೊಡಿ, ಇಲ್ಲದಿದ್ದರೆ ಇಂಗ್ಲಿಷ್ ಆದರೂ ಆದೀತು ಅಂತ ಅವರ ಬ್ರೌಸರ್ ಪ್ರತಿ ಸಲ ಕೇಳುತ್ತಿತ್ತು. ನನ್ನ ಪುಟದ ಗುಂಡಿಗಳು, ಸೂಚನೆಗಳು ಎಲ್ಲ ಇಂಗ್ಲಿಷಿನಲ್ಲಿದ್ದವು. ಆ ಸಾಲನ್ನು ನಾನು ಓದಿರಲೇ ಇಲ್ಲ. ಎಷ್ಟೋ ತಾಣಗಳು ಓದುವುದಿಲ್ಲ. ಕೇಳುವವರು ಇದ್ದಾರೆ ಅನ್ನುವುದಕ್ಕೆ ದಾಖಲೆ ದಿನವೂ ಸರ್ವರ್ ಬಾಗಿಲಿಗೆ ಬಂದು ಬೀಳುತ್ತಿದೆ, ನೋಡುವವರಿಲ್ಲ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇನ್ನು ಉಳಿದದ್ದು ಮೊದಲ ಸಾಲು. ಹುಡುಕಿದ ಪದ ಇರುವುದು ಅಲ್ಲೇ, ಪುಟದ ದಾರಿಯ ಕೊನೆಗೆ, ಪ್ರಶ್ನಾರ್ಥಕ ಚಿಹ್ನೆಯ ಆಚೆ. ಆದರೆ ಅಲ್ಲಿ ಕನ್ನಡ ಅಕ್ಷರ ಇರುವಂತಿಲ್ಲ. ವೆಬ್ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳಿಗೆ ಜಾಗ. ಮಿಕ್ಕಿದ್ದೆಲ್ಲ ಬೈಟ್‌ಗಳಾಗಿ ಒಡೆದು, ಪ್ರತಿ ಬೈಟಿಗೆ ಒಂದು ಶೇಕಡಾ ಗುರುತು ಮತ್ತು ಎರಡು ಅಂಕಿ ಅಥವಾ ಅಕ್ಷರ ಆಗಿ ಸಾಗುತ್ತದೆ. ಯೂನಿಕೋಡ್ ಅಂದರೆ ಜಗತ್ತಿನ ಲಿಪಿಗಳ ಅಕ್ಷರ, ಗುರುತುಗಳಿಗೆ ಒಂದೊಂದು ಸಂಕೇತ ಕೊಟ್ಟಿರುವ ಪಟ್ಟಿ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಬ’ ಅಂದರೆ ಇ0, ಬಿ2, ಎಸಿ. ಮೂರು ಬೈಟಿಗೆ ಒಂಬತ್ತು ಚಿಹ್ನೆ. ‘ಬೇಸಾಯ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಬ, ಏತ್ವ, ಸ, ಸ ಅಕ್ಷರದ ದೀರ್ಘ, ಯ ಹೀಗೆ ಐದು ಸಂಕೇತ. ಐದು ಒಂಬತ್ತಲಿ ನಲವತ್ತೈದು.

ನನ್ನ ರಿಕ್ವೆಸ್ಟ್‌ನಲ್ಲಿ 45 ಇತ್ತು. ಮೇಷ್ಟ್ರದರಲ್ಲಿ ಎಣಿಸಿದೆ. 54.

ಒಂದು ಸಂಕೇತ ಜಾಸ್ತಿ. ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದಾಗ ಗೊತ್ತಾಯಿತು. ನನ್ನದರಲ್ಲಿ ಬ, ಅದಕ್ಕೆ ಏತ್ವ. ಅವರದರಲ್ಲಿ ಬ, ಎತ್ವ, ಆಮೇಲೆ ಬಿಡಿಯಾಗಿ ದೀರ್ಘ. ಸ್ಲೇಟಿನ ಮೇಲೆ ನಾವೆಲ್ಲ ಬರೆದದ್ದು ಹಾಗೇ: ಮೊದಲು ಬೆ, ಅದಕ್ಕೊಂದು ದೀರ್ಘ ಎಳೆದರೆ ಬೇ. ಯೂನಿಕೋಡ್‌ನಲ್ಲಿ ಎರಡಕ್ಕೂ ಜಾಗ ಇದೆ. ಎರಡೂ ಒಂದೇ ಅಂತ ಅದರ ನಿಯಮವೇ ಹೇಳುತ್ತದೆ. ಪರದೆಯ ಮೇಲೆ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ನನ್ನ ಪ್ರೋಗ್ರಾಂ ಬೈಟ್‌ಗಳನ್ನು ಹೋಲಿಸುತ್ತಿತ್ತು. ಅದರ ಲೆಕ್ಕದಲ್ಲಿ ಇವು ಬೇರೆ ಬೇರೆ ಪದ.

ಫೋನ್ ಮಾಡಿ ವಿಚಾರಿಸಿದೆ. ಅವರು ಪದವನ್ನು ಟೈಪ್ ಮಾಡಿರಲಿಲ್ಲ. ತಾವು ಹಿಂದೆ ಹಳೆಯ ಕನ್ನಡ ಫಾಂಟ್‌ನಲ್ಲಿ ಮಾಡಿಟ್ಟಿದ್ದ ಪಟ್ಟಿಯನ್ನು ಯೂನಿಕೋಡ್‌ಗೆ ಬದಲಿಸಿಕೊಂಡು, ಅಲ್ಲಿಂದ ಕಾಪಿ ಮಾಡಿ ಹಾಕಿದ್ದರು. ಹಳೆಯ ಫಾಂಟ್‌ಗಳಲ್ಲಿ ದೀರ್ಘಕ್ಕೆ ಬೇರೆಯೇ ಒಂದು ತುಂಡು ಇರುತ್ತಿತ್ತು. ಬದಲಿಸಿದ ಸಾಧನ ಆ ತುಂಡನ್ನು ಕೂಡಿಸದೆ ಹಾಗೇ ಉಳಿಸಿತ್ತು.

ಇದಕ್ಕೆ ಮದ್ದು ಇದೆ. ಯೂನಿಕೋಡ್‌ನವರೇ ಕೊಟ್ಟಿರುವ ಎನ್‌ಎಫ್‌ಸಿ ಅನ್ನುವ ಕ್ರಮ ಬಿಡಿ ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದು ಸಾಲಿನ ಕೆಲಸ. ರಿಕ್ವೆಸ್ಟ್ ಒಳಗೆ ಬಂದ ಕೂಡಲೇ ಒಮ್ಮೆ, ಪುಸ್ತಕ ಪಟ್ಟಿಯ ಮೇಲೆ ಒಮ್ಮೆ ಅದನ್ನು ಓಡಿಸಿದೆ. ನೋಡಿದರೆ ಪಟ್ಟಿಯಲ್ಲೂ ಎರಡೂ ಬಗೆಯ ಹೆಸರುಗಳು ಸೇರಿಕೊಂಡಿದ್ದವು! ‘ಸಾಫ್ಟ್‌ವೇರ್’ ಥರದ ಪದಗಳ ಪಾಡು ಇನ್ನೂ ಬೇರೆ. ಅಲ್ಲಿ ‘ವೇ’ ಒತ್ತಕ್ಷರ ಆಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಕಾಣದಿದ್ದರೂ ಮೂರು ಬೈಟ್ ತೂಗುತ್ತದೆ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹುಡುಕುವಾಗ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ನಾನೇ ಬರೆಯಬೇಕಾಯಿತು.

ಕೊನೆಗೆ ಆ ಫೈಲನ್ನು ಅಳಿಸಿದೆ. ಅದರಲ್ಲಿ ಎರಡು ದಿನ ಗ್ರಂಥಾಲಯದ ಪುಟಕ್ಕೆ ಬಂದವರು ಹುಡುಕಿದ್ದೆಲ್ಲ ಇತ್ತು. ಒಬ್ಬರು ಸಕ್ಕರೆ ಕಾಯಿಲೆಯ ಬಗ್ಗೆ, ಒಬ್ಬರು ವಿಚ್ಛೇದನದ ಕಾನೂನಿನ ಬಗ್ಗೆ. ‘ಗೆಟ್’ ರೀತಿಯಲ್ಲಿ ಕಳಿಸಿದ್ದು ವಿಳಾಸದಲ್ಲೇ ಇರುತ್ತದೆ. ವಿಳಾಸ ಸರ್ವರ್‌ನ ಮಾಮೂಲಿ ದಾಖಲೆಯಲ್ಲೂ ಉಳಿಯುತ್ತದೆ. ಪಾಸ್‌ವರ್ಡನ್ನು ಎಂದೂ ಆ ರೀತಿ ಕಳಿಸಬಾರದು ಅನ್ನುವುದು ಇದಕ್ಕೇ. ಅದಕ್ಕೆ ‘ಪೋಸ್ಟ್’ ಇದೆ, ಅದು ಒಡಲಿನಲ್ಲಿ ಹೋಗುತ್ತದೆ. ಓದುಗರ ಹುಡುಕಾಟ ನನ್ನ ಡಿಸ್ಕ್‌ನಲ್ಲಿ ಇರಬೇಕಾದ ವಸ್ತುವಲ್ಲ. ಹಾಗಾಗಿ ಪ್ರಶ್ನಾರ್ಥಕ ಚಿಹ್ನೆಯ ಆಚೆಗಿನದನ್ನು ದಾಖಲಿಸಬೇಡ ಅಂತ ಸರ್ವರ್‌ಗೂ ಹೇಳಿದೆ. ಗುಂಡಿಗಳನ್ನು ಕನ್ನಡಕ್ಕೆ ತಂದೆ, ‘ಕೆಎನ್’ ಕೇಳಿದವರಿಗೆ ಅವೇ ಕಾಣುವಂತೆ.

ಮೇಷ್ಟ್ರಿಗೆ ಫೋನ್ ಮಾಡಿ ಈಗ ನೋಡಿ ಸಾರ್ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ‘ಬಂತಪ್ಪಾ, ಏಳೂ ಬಂತು’ ಅಂದರು. ‘ಇರು, ಜೇನು ಸಾಕಣೆದೂ ನೋಡಿಬಿಡ್ತೀನಿ.’