ಚಾರ್ಟರ್ ಶಾಲೆಯ ಸ್ಕೋರ್ ಜಾಸ್ತಿ ಇದ್ದರೆ ಪಾಠವೂ ಅಲ್ಲೇ ಚೆನ್ನಾಗಿರುತ್ತದಾ?

ಓದುಗರ ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ಒಂದು ವರ್ಷ ಆಯಿತು. ಮಗಳು ಬರುವ ವರ್ಷ ಕಿಂಡರ್‌ಗಾರ್ಟನ್ ಸೇರಬೇಕು. ಮನೆ ಹತ್ತಿರ ಡಿಸ್ಟ್ರಿಕ್ಟ್ (ಆ ಭಾಗದ ಸರ್ಕಾರಿ ಶಾಲೆಗಳ ಮಂಡಳಿ) ತಾನೇ ನಡೆಸುವ ಶಾಲೆ ಒಂದಿದೆ, ಸರ್ಕಾರದ ದುಡ್ಡಿನಲ್ಲಿ ಬೇರೆಯವರು ನಡೆಸುವ ಚಾರ್ಟರ್ ಶಾಲೆ ಇನ್ನೊಂದಿದೆ. ಪರೀಕ್ಷೆಯ ಸ್ಕೋರ್ ಚಾರ್ಟರ್ ಶಾಲೆಯದೇ ಜಾಸ್ತಿ. ಅಂದರೆ ಅಲ್ಲಿ ಚೆನ್ನಾಗಿ ಕಲಿಸುತ್ತಾರೆ ಅಂತ ಅಲ್ವಾ?

ಉತ್ತರ: ಇರಬಹುದು. ಆದರೆ ಆ ಒಂದು ಸ್ಕೋರ್ ನೋಡಿ ಹಾಗೆ ಹೇಳಲು ಬರುವುದಿಲ್ಲ. ತರಗತಿಯಲ್ಲಿ ಯಾವ ಮನೆಗಳ ಮಕ್ಕಳು ಕೂತಿದ್ದಾರೆ ಅನ್ನುವುದರ ಮೇಲೆ ಶಾಲೆಯ ಸರಾಸರಿ ತುಂಬಾ ನಿಂತಿರುತ್ತದೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ. ಎರಡು ಶಾಲೆಗಳಲ್ಲೂ ನೂರು ನೂರು ಮಕ್ಕಳು ಪರೀಕ್ಷೆ ಬರೆದಿದ್ದಾರೆ. ಚಾರ್ಟರ್ ಶಾಲೆಯಲ್ಲಿ 80 ಮಕ್ಕಳ ಅಪ್ಪ ಅಮ್ಮ ಕಾಲೇಜು ಓದಿದವರು, 20 ಮಕ್ಕಳ ಮನೆಯವರು ಓದಿಲ್ಲ. ಮೊದಲ ಗುಂಪಿನಲ್ಲಿ 64 ಮಕ್ಕಳು ಪಾಸು, ಎರಡನೆಯದರಲ್ಲಿ 6. ಒಟ್ಟು 70. ಡಿಸ್ಟ್ರಿಕ್ಟ್ ಶಾಲೆಯಲ್ಲಿ ಓದಿದವರ ಮಕ್ಕಳು 40, ಉಳಿದವರು 60. ಅಲ್ಲಿ ಪಾಸಾದವರು 34 ಮತ್ತು 21. ಒಟ್ಟು 55. ಎಪ್ಪತ್ತೇ ದೊಡ್ಡದು, ಅಲ್ವಾ? ಈಗ ಗುಂಪು ಗುಂಪಾಗಿ ನೋಡಿ. ಓದಿದವರ ಮಕ್ಕಳಲ್ಲಿ ಚಾರ್ಟರ್‌ನದು ಶೇ. 80, ಡಿಸ್ಟ್ರಿಕ್ಟ್‌ನದು ಶೇ. 85. ಇನ್ನೊಂದು ಗುಂಪಿನಲ್ಲಿ ಚಾರ್ಟರ್‌ನದು ಶೇ. 30, ಡಿಸ್ಟ್ರಿಕ್ಟ್‌ನದು ಶೇ. 35. ಎರಡೂ ಕಡೆ ಡಿಸ್ಟ್ರಿಕ್ಟ್ ಶಾಲೆಯೇ ಮುಂದೆ! ಸರಾಸರಿಯಲ್ಲಿ ಮಾತ್ರ ಹಿಂದೆ. ನಿಜವಾದ ಶಾಲೆಗಳಲ್ಲಿ ಇದು ಹೀಗೂ ಇರಬಹುದು, ಉಲ್ಟಾನೂ ಇರಬಹುದು. ಬಿಡಿಸಿ ನೋಡದೆ ಗೊತ್ತಾಗುವುದಿಲ್ಲ.

ಚಾರ್ಟರ್ ಶಾಲೆ ಅಂದರೆ ನಮ್ಮ ಊರಿನ ಅನುದಾನಿತ ಶಾಲೆಯನ್ನು ನೆನೆಸಿಕೊಳ್ಳಿ. ದುಡ್ಡು ಸರ್ಕಾರದ್ದು, ಆಡಳಿತ ಬೇರೆಯವರದ್ದು. ಫೀಸ್ ಇಲ್ಲ, ಪ್ರವೇಶ ಪರೀಕ್ಷೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನು ಬಂದಿದ್ದು 1992ರಲ್ಲಿ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಲೇಬೇಕು.

ಲಾಟರಿ ಅಂದಮೇಲೆ ಎಲ್ಲ ಥರದ ಮಕ್ಕಳೂ ಬರಬೇಕಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೆ ಚೀಟಿ ಎತ್ತುವುದು ಅರ್ಜಿ ಹಾಕಿದವರ ನಡುವೆ ಮಾತ್ರ. ಸಾಮಾನ್ಯವಾಗಿ ಚಳಿಗಾಲದಲ್ಲೇ ಅರ್ಜಿ ಮುಗಿದುಹೋಗುತ್ತದೆ. ಅದು ಗೊತ್ತಿರಬೇಕು, ಫಾರಂ ತುಂಬಬೇಕು. ಶಾಲಾ ಬಸ್ ಇಲ್ಲದಿದ್ದರೆ ದಿನಾ ಎರಡು ಸಲ ಕಾರಿನಲ್ಲಿ ಬಿಟ್ಟು ಕರೆದುಕೊಂಡು ಬರಬೇಕು. ಎರಡು ಕಡೆ ಕೆಲಸ ಮಾಡುವ ತಾಯಿಗೆ ಇದೆಲ್ಲ ಎಲ್ಲಿ ಆಗುತ್ತದೆ? ಯಾರನ್ನೂ ಬೇಡ ಅನ್ನದೆಯೇ ಮಕ್ಕಳು ಹೀಗೆ ಬೇರೆ ಬೇರೆ ಆಗಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಚಾರ್ಟರ್ ಮತ್ತು ಡಿಸ್ಟ್ರಿಕ್ಟ್ ನಡುವಿನ ಜಗಳ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಬೇ ಏರಿಯಾದ ಲಾಸ್ ಆಲ್ಟೋಸ್ ನೋಡಿ. 2003ರಲ್ಲಿ ಅಲ್ಲಿನ ಡಿಸ್ಟ್ರಿಕ್ಟ್ ಪಕ್ಕದ ಲಾಸ್ ಆಲ್ಟೋಸ್ ಹಿಲ್ಸ್‌ನ ಒಂದು ಶಾಲೆಯನ್ನು ಮುಚ್ಚಿತು. ಪೋಷಕರು ಸುಮ್ಮನೆ ಕೂರಲಿಲ್ಲ. ಡಿಸ್ಟ್ರಿಕ್ಟ್ ಒಪ್ಪದಿದ್ದಾಗ ಸಾಂಟಾ ಕ್ಲಾರಾ ಕೌಂಟಿಯ ಶಿಕ್ಷಣ ಮಂಡಳಿಯಿಂದ ಅನುಮತಿ ತಂದು, 2004ರಲ್ಲಿ ಬುಲ್ಲಿಸ್ ಚಾರ್ಟರ್ ಸ್ಕೂಲ್ ಶುರು ಮಾಡಿದರು. ಆಮೇಲೆ ಕಟ್ಟಡ, ಆಟದ ಮೈದಾನದ ವಿಷಯಕ್ಕೆ ವರ್ಷಗಟ್ಟಲೆ ಕೋರ್ಟು. ಚಾರ್ಟರ್ ಮಕ್ಕಳಿಗೂ ಸರಿಸಮಾನ ಜಾಗ ಕೊಡಬೇಕು ಅನ್ನುವ ನಿಯಮವನ್ನು ರಾಜ್ಯದ ಮತದಾರರು 2000ದಲ್ಲೇ ಒಪ್ಪಿದ್ದರು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾರ್ಟರ್ ಶಾಲೆಯ ಪರ ತೀರ್ಪು ಕೊಟ್ಟಿತು. ಎರಡೂ ಕಡೆಯ ಮಕ್ಕಳು ಹೆಚ್ಚುಕಮ್ಮಿ ಅನುಕೂಲಸ್ಥರ ಮನೆಯವರೇ ಆಗಿದ್ದ ಊರಿನಲ್ಲೇ ಹೀಗೆ.

ಹಾಗಾದರೆ ಚಾರ್ಟರ್ ಶಾಲೆಗಳಿಂದ ಲಾಭವೇ ಇಲ್ಲವಾ? ಇದೆ, ಆದರೆ ಎಲ್ಲ ಕಡೆ ಒಂದೇ ಥರ ಇಲ್ಲ. ಸ್ಟ್ಯಾನ್‌ಫರ್ಡ್‌ನ ಕ್ರೆಡೋ ಸಂಸ್ಥೆಯವರು ಚಾರ್ಟರ್‌ನ ಒಂದು ಮಗುವಿಗೆ ಅದೇ ತರಗತಿ, ಅದೇ ಹಿನ್ನೆಲೆ, ಹಿಂದಿನ ಅಂಕವೂ ಅಷ್ಟೇ ಇರುವ ಜೋಡಿಯನ್ನು ಡಿಸ್ಟ್ರಿಕ್ಟ್ ಶಾಲೆಗಳಲ್ಲಿ ಹುಡುಕಿ ಹೋಲಿಸುತ್ತಾರೆ. 2009ರ ವರದಿಯಲ್ಲಿ ಗಣಿತದಲ್ಲಿ ಮುಂದಿದ್ದ ಚಾರ್ಟರ್ ಶಾಲೆಗಳು ಶೇ. 17, ಹಿಂದಿದ್ದವು ಶೇ. 37. 2023ರ ಹೊತ್ತಿಗೆ ಚಿತ್ರ ಬದಲಾಗಿತ್ತು. ಚಾರ್ಟರ್ ಮಕ್ಕಳು ವರ್ಷಕ್ಕೆ ಓದುವುದರಲ್ಲಿ 16 ದಿನ, ಗಣಿತದಲ್ಲಿ 6 ದಿನದ ಪಾಠದಷ್ಟು ಮುಂದೆ. ನಗರಗಳ ಬಡ ಕಪ್ಪು ಮತ್ತು ಲ್ಯಾಟಿನೋ ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ. ಬರೀ ಆನ್‌ಲೈನ್‌ನಲ್ಲಿ ನಡೆಯುವ ಚಾರ್ಟರ್‌ಗಳ ಮಕ್ಕಳು ಮಾತ್ರ ತುಂಬಾ ಹಿಂದೆ ಬಿದ್ದಿದ್ದರು.

ನೀವು ಈಗ ಮಾಡಬೇಕಾದ್ದು ಇಷ್ಟು. ಮನೆ ಮಾರುವ ಆ್ಯಪ್‌ನಲ್ಲಿ ಕಾಣುವ ಹತ್ತಕ್ಕೆ ಇಷ್ಟು ಅನ್ನುವ ಅಂಕೆಯನ್ನು ಪಕ್ಕಕ್ಕಿಡಿ. ರಾಜ್ಯದ ಕ್ಯಾಸ್ಪ್ (CAASPP) ಪರೀಕ್ಷೆಯ ಫಲಿತಾಂಶದ ಪುಟ ತೆಗೆಯಿರಿ. ಅದು ಮೂರರಿಂದ ಎಂಟನೇ ತರಗತಿ ಮತ್ತು ಹನ್ನೊಂದನೇ ತರಗತಿಯ ಮಕ್ಕಳು ಬರೆಯುವ ಪರೀಕ್ಷೆ. ಎರಡೂ ಶಾಲೆ ಹಾಕಿ, ಗುಂಪು ಆರಿಸುವ ಜಾಗದಲ್ಲಿ ಪೋಷಕರ ಓದು ಆರಿಸಿ, ನಿಮ್ಮ ಓದಿನ ಸಾಲನ್ನೇ ಹೋಲಿಸಿ. ಏಷ್ಯನ್ ಅನ್ನುವ ಸಾಲು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಬೇರೆ ಬೇರೆ ದೇಶದವರು, ಬೇರೆ ಬೇರೆ ಸ್ಥಿತಿಯವರು ಅದೊಂದರಲ್ಲೇ ಸೇರಿರುತ್ತಾರೆ. ಗುಂಪಿನಲ್ಲಿ ಹತ್ತು ಅಥವಾ ಅದಕ್ಕಿಂತ ಕಮ್ಮಿ ಮಕ್ಕಳಿದ್ದರೆ ಅಂಕಿಯ ಬದಲು ನಕ್ಷತ್ರದ ಗುರುತು ಬರುತ್ತದೆ. ಒಂದೇ ವರ್ಷ ನೋಡಬೇಡಿ, ಮೂರು ನಾಲ್ಕು ವರ್ಷ ನೋಡಿ.

ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಸಾಲು ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಗಾಬರಿ ಬೇಡ. ಚೆನ್ನಾಗಿ ಕಲಿತ ಮಗುವನ್ನು ಆ ಪಟ್ಟಿಯಿಂದ ತೆಗೆದುಬಿಡುತ್ತಾರೆ, ಹಾಗಾಗಿ ಇನ್ನೂ ಕಲಿಯುತ್ತಿರುವವರೇ ಅಲ್ಲಿ ಉಳಿಯುತ್ತಾರೆ.

ಅಂದಹಾಗೆ, ಯಾವ ಶಾಲೆಗೆ ಸೇರಿಸಿದರೂ ಮನೆ ಭಾಷೆ ಯಾವುದು ಅಂತ ಫಾರಂನಲ್ಲಿ ಕೇಳುತ್ತಾರೆ. ಕನ್ನಡ ಅಂತ ಬರೆದರೆ ಮಗುವಿಗೆ ಎಲ್ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಇದಕ್ಕೆ ಹೆದರಿ ಕೆಲವರು ಇಂಗ್ಲಿಷ್ ಅಂತ ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಗ್ಲಿಷ್ ಚೆನ್ನಾಗಿ ಬಂದರೆ ಅಲ್ಲಿಗೇ ಮುಗಿಯಿತು, ಬರದಿದ್ದರೆ ಅದಕ್ಕೆಂದೇ ಪಾಠ ಸಿಗುತ್ತದೆ. ಮಗಳು ನಿಮ್ಮ ಜೊತೆ ಮಾತಾಡುವುದು ಕನ್ನಡದಲ್ಲೇ ತಾನೆ? ಕನ್ನಡ ಅಂತಲೇ ಬರೆಯಿರಿ.