ಪದ ಪರಿಚಯ: ಕಾಮಿಕ್ಸ್ ಕೋಡ್

1960ರ ದಶಕದ ಅಮೆರಿಕನ್ ಕಾಮಿಕ್ ಪುಸ್ತಕವೊಂದರ ಮುಖಪುಟ ನೋಡಿ. ಸೂಪರ್‌ಮ್ಯಾನ್‌ದಾಗಲಿ, ಸ್ಪೈಡರ್‌ಮ್ಯಾನ್‌ದಾಗಲಿ, ಮೇಲ್ಗಡೆ ಅಂಚೆಚೀಟಿಯಂಥ ಪುಟ್ಟ ಬಿಳಿ ಗುರುತು ಕಾಣುತ್ತದೆ. ಅಂಚು ಕೂಡ ಅಂಚೆಚೀಟಿಯ ಹಾಗೇ ಹಲ್ಲುಹಲ್ಲು. ಒಳಗೆ ದೊಡ್ಡದೊಂದು ‘ಎ’ ಅಕ್ಷರ, ಜೊತೆಗೆ ಕಾಮಿಕ್ಸ್ ಕೋಡ್ ಅಥಾರಿಟಿ ಒಪ್ಪಿದೆ ಎಂಬ ಮಾತು. ಈ ಮುದ್ರೆಯ ಹಿಂದೆ ಇದ್ದ ನಿಯಮಗಳ ಪಟ್ಟಿಯೇ ಕಾಮಿಕ್ಸ್ ಕೋಡ್.

ಕೋಡ್ ಅಂದ ಕೂಡಲೇ ನಮಗೆ ಕಂಪ್ಯೂಟರ್ ನೆನಪಾಗುತ್ತದೆ, ಇಲ್ಲವೇ ಗುಪ್ತ ಸಂಕೇತ. ಇಲ್ಲಿ ಅದೆರಡೂ ಅಲ್ಲ. ತುಂಬ ಜನ ಇದನ್ನು ಸರ್ಕಾರದ ಕಾಯ್ದೆ ಅಂದುಕೊಂಡಿದ್ದಾರೆ. ಅದೂ ತಪ್ಪು. ಯಾವ ಶಾಸನಸಭೆಯೂ ಇದನ್ನು ಪಾಸು ಮಾಡಲಿಲ್ಲ, ಯಾವ ನ್ಯಾಯಾಲಯವೂ ಜಾರಿ ಮಾಡಲಿಲ್ಲ. ಪ್ರಕಾಶಕರೇ ಸೇರಿ ತಮಗೆ ತಾವೇ ಬರೆದುಕೊಂಡದ್ದು ಇದು. ಕನ್ನಡದಲ್ಲಿ ಇದಕ್ಕೆ ಸರಿಯಾಗಿ ಕೂರುವ ಪದ ‘ಕಟ್ಟುಪಾಡು’. ಕಟ್ಟುಪಾಡು ಮುರಿದವರನ್ನು ಜೈಲಿಗೆ ಹಾಕುವುದಿಲ್ಲ, ಆದರೆ ಯಾರೂ ಅವರನ್ನು ಒಳಗೆ ಸೇರಿಸುವುದಿಲ್ಲ. ಕಾಮಿಕ್ಸ್ ಕೋಡ್ ಕೂಡ ಹಾಗೆಯೇ ನಡೆಯಿತು.

ಇದು ಹುಟ್ಟಿದ್ದು 1954ರಲ್ಲಿ. ಕಾಮಿಕ್ಸ್ ಚರಿತ್ರೆಯಲ್ಲಿ ಒಂದೇ ಒಂದು ವರ್ಷ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಆ ವರ್ಷ ಹುಟ್ಟಿದ ಒಳ್ಳೆಯ ಪುಸ್ತಕಗಳಿಗಾಗಿ ಅಲ್ಲ, ಆ ವರ್ಷ ನಿಂತುಹೋದ ಪುಸ್ತಕಗಳಿಗಾಗಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸೂಪರ್‌ಹೀರೊಗಳ ಹವಾ ಇಳಿದಿತ್ತು. ಓದುಗರ ಕೈಗೆ ಅಪರಾಧ, ಪ್ರೇಮ, ಭೂತಪ್ರೇತಗಳ ಕಾಮಿಕ್ಸ್ ಬಂದವು. ಜೊತೆಗೇ ದೊಡ್ಡವರ ಸಿಟ್ಟೂ ಏರಿತು. 1948ರಲ್ಲಿ ವೆಸ್ಟ್ ವರ್ಜೀನಿಯಾದ ಸ್ಪೆನ್ಸರ್, ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್ ಮೊದಲಾದ ಊರುಗಳಲ್ಲಿ ಮಕ್ಕಳ ಕೈಯಿಂದಲೇ ಕಾಮಿಕ್ಸ್ ರಾಶಿ ಹಾಕಿಸಿ ಬೆಂಕಿ ಕೊಟ್ಟರು. ಪುಸ್ತಕ ಸುಡುವ ನಾಜಿಗಳ ವಿರುದ್ಧ ಯುದ್ಧ ಗೆದ್ದು ಮೂರೇ ವರ್ಷ ಆಗಿತ್ತು. ಅದೇ ವರ್ಷ ಪ್ರಕಾಶಕರ ಒಂದು ಸಂಘ ಮೊದಲ ನಿಯಮಾವಳಿ ಬರೆಯಿತು. ಹೆಚ್ಚಿನವರು ಅದಕ್ಕೆ ಸೊಪ್ಪು ಹಾಕಲಿಲ್ಲ.

ಡಾ. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರ ಹೆಸರು ಇಲ್ಲಿ ಬರಲೇಬೇಕು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. ಕಾಮಿಕ್ಸ್ ಪ್ರೇಮಿಗಳ ಮಾತಿನಲ್ಲಿ ಅವರು ಯಾವಾಗಲೂ ಖಳನಾಯಕ. ನನಗೆ ಅಷ್ಟು ಸಲೀಸಾಗಿ ಹಾಗೆ ಹೇಳಲು ಆಗುವುದಿಲ್ಲ. ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ 1946ರಲ್ಲಿ ಮಾನಸಿಕ ಆರೋಗ್ಯದ ಕ್ಲಿನಿಕ್ ತೆರೆದವರು ಅವರು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸುವುದು ಮಕ್ಕಳ ಮನಸ್ಸಿಗೆ ಎಷ್ಟು ಕೆಟ್ಟದ್ದು ಎಂದು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದವರು. ಮಕ್ಕಳ ಮೇಲೆ ಅವರಿಗೆ ನಿಜವಾದ ಕಾಳಜಿ ಇತ್ತು. ಆದರೆ ಮಕ್ಕಳು ಕೆಡುವುದಕ್ಕೆ ಕಾಮಿಕ್ಸ್ ದೊಡ್ಡ ಕಾರಣ ಎಂದು ಅವರು ನಂಬಿಬಿಟ್ಟಿದ್ದರು. 1954ರಲ್ಲಿ ಬಂದ ಅವರ ಪುಸ್ತಕ ತಂದೆತಾಯಿಗಳ ನಿದ್ದೆ ಕೆಡಿಸಿತು. ಅವರ ಖಾಸಗಿ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ಸಿಕ್ಕವು. ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ ಅವನ್ನು ಪುಸ್ತಕದ ಪಕ್ಕ ಇಟ್ಟು ಓದಿ 2012ರಲ್ಲಿ ಬರೆದರು: ಮಕ್ಕಳ ಮಾತುಗಳನ್ನು ವರ್ಥಮ್ ತಿದ್ದಿದ್ದರು, ಕತ್ತರಿಸಿದ್ದರು, ಬೇರೆ ಬೇರೆ ಮಕ್ಕಳದ್ದನ್ನು ಒಂದಕ್ಕೊಂದು ಸೇರಿಸಿದ್ದರು. ಕಾಳಜಿ ನಿಜ, ಪುರಾವೆ ಮಾತ್ರ ನೆಟ್ಟಗಿರಲಿಲ್ಲ.

ಈಗ 1954ರ ಏಪ್ರಿಲ್ 21ಕ್ಕೆ ಬರೋಣ. ಬಾಲಾಪರಾಧ ಕುರಿತ ಸೆನೆಟ್ ಉಪಸಮಿತಿ ನ್ಯೂಯಾರ್ಕ್‌ನಲ್ಲಿ ಕಾಮಿಕ್ಸ್ ವಿಚಾರಣೆ ಶುರು ಮಾಡಿತು. ವರ್ಥಮ್ ಬಂದು ಸಾಕ್ಷಿ ಹೇಳಿದರು. ಅದೇ ದಿನ ಇಸಿ ಕಾಮಿಕ್ಸ್ ಕಂಪನಿಯ ಮಾಲೀಕ ವಿಲಿಯಂ ಗೇನ್ಸ್ ಕೂಡ ಸಾಕ್ಷಿ ಕುರ್ಚಿಯಲ್ಲಿ ಕೂತರು. ಅವರನ್ನು ಯಾರೂ ಬಲವಂತವಾಗಿ ಕರೆಸಿರಲಿಲ್ಲ, ತಾವಾಗಿಯೇ ಬಂದಿದ್ದರು. ಆಗಿನ ಅತ್ಯುತ್ತಮ ಭಯಾನಕ ಕಾಮಿಕ್ಸ್ ಅವರದೇ. ಬರವಣಿಗೆ, ಚಿತ್ರ ಎರಡರಲ್ಲೂ ಅವರ ತಂಡಕ್ಕೆ ಸಾಟಿ ಇರಲಿಲ್ಲ.

ಸೆನೆಟರ್ ಎಸ್ಟೀಸ್ ಕೆಫಾವರ್ ಒಂದು ಮುಖಪುಟ ಎತ್ತಿ ತೋರಿಸಿದರು. ಒಬ್ಬ ಗಂಡಸು ನಿಂತಿದ್ದಾನೆ. ಒಂದು ಕೈಯಲ್ಲಿ ರಕ್ತ ಮೆತ್ತಿದ ಕೊಡಲಿ. ಇನ್ನೊಂದು ಕೈಯಲ್ಲಿ ಹೆಂಗಸೊಬ್ಬಳ ಕಡಿದ ತಲೆ, ಕೂದಲು ಹಿಡಿದು ಎತ್ತಿದ್ದಾನೆ. ಇದು ಸದಭಿರುಚಿಯೇ ಎಂದು ಕೆಫಾವರ್ ಕೇಳಿದರು. ಹೌದು, ಭಯಾನಕ ಕಾಮಿಕ್ಸ್‌ನ ಮುಖಪುಟಕ್ಕೆ ಇದು ಸರಿಯೇ ಎಂದರು ಗೇನ್ಸ್. ತಲೆಯನ್ನು ಇನ್ನೊಂಚೂರು ಮೇಲೆತ್ತಿ, ಕತ್ತಿನಿಂದ ರಕ್ತ ತೊಟ್ಟಿಕ್ಕುವುದು ಕಾಣುವ ಹಾಗೆ ಬರೆದಿದ್ದರೆ ಆಗ ಅದು ಕೆಟ್ಟ ಅಭಿರುಚಿ ಎಂದು ಸೇರಿಸಿದರು. ಈ ಉತ್ತರ ಸುಮ್ನೆ ಬಾಯಿಗೆ ಬಂದದ್ದಲ್ಲ. ಕಲಾವಿದ ಜಾನಿ ಕ್ರೇಗ್ ಮೊದಲು ಬರೆದ ಚಿತ್ರ ಇನ್ನೂ ಘೋರವಾಗಿತ್ತು. ಗೇನ್ಸ್ ಅದನ್ನು ತಾವೇ ತಿದ್ದಿಸಿ ಕತ್ತು ಕಾಣದಂತೆ ಮಾಡಿಸಿದ್ದರು. ತಮ್ಮ ಮಟ್ಟಿಗೆ ಅವರು ಹೇಳಿದ್ದು ಅಪ್ಪಟ ನಿಜ. ಆದರೆ ಆ ಕೋಣೆಯಲ್ಲಿ ಕೂತವರಿಗೆ ಕಂಡದ್ದು ಕಡಿದ ತಲೆ ಒಂದೇ. ಮಾರನೆಯ ದಿನದ ಪತ್ರಿಕೆಗಳಲ್ಲೂ ಅದೇ ಸುದ್ದಿ. ಈ ಸಾಕ್ಷ್ಯದ ದಾಖಲೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ತಾನು ಮಾಡುವ ಕೆಲಸದ ಮೇಲೆ ಅಷ್ಟು ಪ್ರೀತಿ ಇದ್ದ ಮನುಷ್ಯ, ಆ ಪ್ರೀತಿಯಿಂದಲೇ ಸೋತುಬಿಟ್ಟರು.

ಸೆನೆಟ್ ಸಮಿತಿ ಕೊನೆಗೆ ಕಾಯ್ದೆ ಬೇಕೆಂದು ಹೇಳಲಿಲ್ಲ. ಉದ್ಯಮವೇ ತನ್ನನ್ನು ತಿದ್ದಿಕೊಳ್ಳಲಿ ಎಂದಿತು. ಆದರೆ ಪ್ರಕಾಶಕರು ಆ ವರದಿ ಬರುವ ತನಕ ಕಾಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಹೊಸ ಸಂಘ ಕಟ್ಟಿದರು. ಚಾರ್ಲ್ಸ್ ಮರ್ಫಿ ಎಂಬ ನ್ಯಾಯಾಧೀಶರನ್ನು ತಂದು ಮೇಲೆ ಕೂರಿಸಿದರು. ಅಕ್ಟೋಬರ್ 26ಕ್ಕೆ ಕೋಡ್ ಒಪ್ಪಿಗೆಯಾಯಿತು. ಹಾಲಿವುಡ್ ಸ್ಟುಡಿಯೊಗಳು ಇದೇ ಥರ ತಮಗೆ ತಾವೇ ಹಾಕಿಕೊಂಡಿದ್ದ ಕೋಡ್ ಅವರ ಕಣ್ಣೆದುರಿಗಿತ್ತು.

ಏನಿತ್ತು ಅದರಲ್ಲಿ? ಪ್ರತಿ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು, ಅಪರಾಧಿಗೆ ಶಿಕ್ಷೆ ಆಗಲೇಬೇಕು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಹುಟ್ಟುವ ಹಾಗೆ ತೋರಿಸಬಾರದು. ಪುಸ್ತಕದ ಹೆಸರಿನಲ್ಲಿ ‘ಹಾರರ್’, ‘ಟೆರರ್’ ಪದಗಳು ಬರಕೂಡದು. ‘ಕ್ರೈಮ್’ ಪದ ಬಂದರೆ, ಹೆಸರಿನ ಬೇರೆ ಪದಗಳಿಗಿಂತ ಅದರ ಅಕ್ಷರ ದೊಡ್ಡದಿರಬಾರದು. ರಕ್ತಪಿಶಾಚಿ, ನರಭಕ್ಷಕ, ತೋಳಮಾನವ, ಎದ್ದು ನಡೆಯುವ ಹೆಣ ಎಲ್ಲ ನಿಷಿದ್ಧ. ವಿಚ್ಛೇದನವನ್ನು ತಮಾಷೆ ಮಾಡಬಾರದು, ಅದು ಒಳ್ಳೆಯದು ಅಂತಲೂ ತೋರಿಸಬಾರದು. ಸಾಧ್ಯವಾದ ಕಡೆಯೆಲ್ಲ ವ್ಯಾಕರಣ ಶುದ್ಧವಾಗಿರಬೇಕು ಎಂಬ ಸಾಲೂ ಇತ್ತು. ಸಿಗರೇಟು, ಮದ್ಯದ ಜಾಹೀರಾತು ಬೇಡ ಎಂಬಂಥ ನಿಯಮಗಳಿಗೆ ಇವತ್ತಿಗೂ ನಾವು ಸರಿ ಎನ್ನುತ್ತೇವೆ, ಅಲ್ವಾ? ತೊಂದರೆ ಇದ್ದದ್ದು ಅಧಿಕಾರಿಗಳ ಗೌರವದ ಆ ಸಾಲಿನಲ್ಲಿ. ಲಂಚ ತಿನ್ನುವ ಪೊಲೀಸ್, ತಪ್ಪು ತೀರ್ಪು ಕೊಡುವ ನ್ಯಾಯಾಧೀಶ ಒಂದೇ ಏಟಿಗೆ ಕಥೆಯಿಂದ ಹೊರಗೆ ಹೋದರು. ಭೂತಗಳು ಹೋದದ್ದಕ್ಕಿಂತ ಇದು ದೊಡ್ಡ ನಷ್ಟ.

ಇದು ಕಾಯ್ದೆಯಲ್ಲ ಅಂದ ಮೇಲೆ ಹೆದರಿಕೆ ಯಾಕೆ? ಕೀಲಿ ಇದ್ದದ್ದು ವಿತರಕರ ಕೈಯಲ್ಲಿ. ಆಗ ಕಾಮಿಕ್ಸ್‌ಗೆಂದೇ ಅಂಗಡಿಗಳಿರಲಿಲ್ಲ. ದಿನಪತ್ರಿಕೆ ಮಾರುವ ಸ್ಟ್ಯಾಂಡುಗಳಲ್ಲಿ, ಔಷಧದ ಅಂಗಡಿಗಳಲ್ಲಿ ಮಾರಾಟ ಆಗುತ್ತಿತ್ತು. ಮುದ್ರೆ ಇಲ್ಲದ ಪುಸ್ತಕ ಇಟ್ಟುಕೊಂಡು ಊರವರ ಬೈಗುಳ ತಿನ್ನಲು ಸಗಟು ವ್ಯಾಪಾರಿಗಳು ತಯಾರಿರಲಿಲ್ಲ. ಕಟ್ಟು ಬಿಚ್ಚದೆ ಹಾಗೇ ವಾಪಸ್ ಕಳಿಸುತ್ತಿದ್ದರು. ಒಂದು ಪುಸ್ತಕ ಸಾಯಲು ಇಷ್ಟು ಸಾಕು. ಗೇನ್ಸ್ ಆ ಸೆಪ್ಟೆಂಬರ್‌ನಲ್ಲೇ ತಮ್ಮ ಭಯಾನಕ ಮತ್ತು ಅಪರಾಧ ಕಾಮಿಕ್ಸ್ ನಿಲ್ಲಿಸುವುದಾಗಿ ಹೇಳಿದರು. ಇನ್ನೊಂದು ಕಡೆ, ಡಿಸ್ನಿ ಪಾತ್ರಗಳ ಕಾಮಿಕ್ಸ್ ತರುತ್ತಿದ್ದ ಡೆಲ್ ಕಂಪನಿ ಸಂಘಕ್ಕೆ ಸೇರಲೇ ಇಲ್ಲ. ತಂದೆತಾಯಿಗಳಿಗೆ ಅದರ ಮೇಲೆ ಮೊದಲೇ ನಂಬಿಕೆ ಇತ್ತು, ಮುದ್ರೆ ಇಲ್ಲದೆಯೂ ಅದರ ಪುಸ್ತಕ ಮಾರಾಟವಾಯಿತು. ಬ್ರಿಟನ್ನಿನ ಕಥೆ ಬೇರೆ. ಅಲ್ಲಿ 1955ರಲ್ಲಿ ಸಂಸತ್ತೇ ನಿಜವಾದ ಕಾಯ್ದೆ ತಂದಿತು. ಎರಡನ್ನೂ ಒಂದೇ ಎಂದು ಬೆರೆಸಬಾರದು.

ಕೋಡ್ ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯಲು ನಾನು ಯಾವಾಗಲೂ ಒಂದು ಪುಟ್ಟ ಕಥೆ ತೋರಿಸುತ್ತೇನೆ. ಆಲ್ ಫೆಲ್ಡ್‌ಸ್ಟೈನ್ ಬರೆದು, ಜೋ ಒರ್ಲ್ಯಾಂಡೊ ಚಿತ್ರ ಬಿಡಿಸಿದ ‘ಜಡ್ಜ್‌ಮೆಂಟ್ ಡೇ’. ಮೊದಲು ಬಂದದ್ದು 1953ರಲ್ಲಿ, ಇಸಿಯಲ್ಲೇ. ಭೂಮಿಯಿಂದ ಒಬ್ಬ ಗಗನಯಾತ್ರಿ ರೋಬಾಟ್‌ಗಳ ಗ್ರಹಕ್ಕೆ ಹೋಗುತ್ತಾನೆ. ನೀವು ನಮ್ಮ ಕೂಟಕ್ಕೆ ಸೇರಲು ತಯಾರಿದ್ದೀರಾ ಎಂದು ಪರೀಕ್ಷಿಸುವುದು ಅವನ ಕೆಲಸ. ಅಲ್ಲಿ ಕಿತ್ತಳೆ ಬಣ್ಣದ ರೋಬಾಟ್‌ಗಳು, ನೀಲಿ ಬಣ್ಣದ ರೋಬಾಟ್‌ಗಳು. ಒಳಗಿನ ಯಂತ್ರ ಎರಡಕ್ಕೂ ಒಂದೇ, ಹೊರಗಿನ ಬಣ್ಣ ಮಾತ್ರ ಬೇರೆ. ಆದರೂ ನೀಲಿಯವರಿಗೆ ಬೇರೆ ಕೇರಿ, ಕೀಳು ಕೆಲಸ. ನೀವಿನ್ನೂ ತಯಾರಿಲ್ಲ ಎಂದು ಹೇಳಿ ಅವನು ಹೊರಟುಬಿಡುತ್ತಾನೆ. ಕಥೆಯುದ್ದಕ್ಕೂ ಅವನ ಮುಖ ಹೆಲ್ಮೆಟ್‌ನಲ್ಲಿ ಮುಚ್ಚಿದೆ. ಕೊನೆಯ ಚೌಕದಲ್ಲಿ, ನೌಕೆಯ ಒಳಗೆ, ಹೆಲ್ಮೆಟ್ ತೆಗೆಯುತ್ತಾನೆ. ಅವನು ಕಪ್ಪು ಮನುಷ್ಯ. ಕಪ್ಪು ಚರ್ಮದ ಮೇಲೆ ಬೆವರಿನ ಹನಿಗಳು ದೂರದ ನಕ್ಷತ್ರಗಳ ಹಾಗೆ ಮಿನುಗುತ್ತಿವೆ.

ಇದನ್ನು ಮರುಮುದ್ರಿಸಲು ಗೇನ್ಸ್ ಕೋಡ್ ಕಚೇರಿಗೆ ಕಳಿಸಿದರು. ಗಗನಯಾತ್ರಿ ಕಪ್ಪು ಮನುಷ್ಯ ಆಗಿರಕೂಡದು ಎಂದರು ಮರ್ಫಿ. ಕೋಡ್‌ನ ಪಟ್ಟಿಯಲ್ಲಿ ಅಂಥ ನಿಯಮವೇ ಇಲ್ಲ. ಬದಲಿಗೆ ಜನಾಂಗವನ್ನು ಹೀಯಾಳಿಸಬಾರದು ಎಂಬ ಮಾತಿದೆ. ಅವನು ಕಪ್ಪಗಿರುವುದೇ ಕಥೆಯ ಜೀವ ಎಂದು ಗೇನ್ಸ್ ಮತ್ತು ಫೆಲ್ಡ್‌ಸ್ಟೈನ್ ಜಗ್ಗಲಿಲ್ಲ. ಹಾಗಾದರೆ ಬೆವರ ಹನಿಯನ್ನಾದರೂ ತೆಗೆಯಿರಿ ಎಂಬ ಮಾತು ಬಂತು. ಗೇನ್ಸ್ ಅದಕ್ಕೂ ಒಪ್ಪಲಿಲ್ಲ. ಒಂದು ಗೆರೆಯೂ ಬದಲಾಗದೆ ಕಥೆ ಅಚ್ಚಾಯಿತು, 1956ರ ಆರಂಭದ ಸಂಚಿಕೆಯಲ್ಲಿ. ಇಸಿಯ ಕೊನೆಯ ಕಾಮಿಕ್ ಪುಸ್ತಕ ಅದೇ. ನಿಯಮ ಬರೆದಿಟ್ಟ ಕಾಗದಕ್ಕಿಂತ ಅದನ್ನು ಓದುವವನ ಮನಸ್ಸು ಮುಖ್ಯ ಎಂದು ನನಗೆ ಕಲಿಸಿದ್ದು ಆ ಬೆವರ ಹನಿಗಳು.

ಗೇನ್ಸ್ ಬಳಿ ಉಳಿದದ್ದು ‘ಮ್ಯಾಡ್’ ಎಂಬ ಹಾಸ್ಯ ಕಾಮಿಕ್. 1955ರಲ್ಲಿ ಅದನ್ನು ಕಾಮಿಕ್ ಪುಸ್ತಕದಿಂದ ನಿಯತಕಾಲಿಕವಾಗಿ ಬದಲಾಯಿಸಿದರು. ನಿಯತಕಾಲಿಕಕ್ಕೆ ಕೋಡ್ ಅನ್ವಯಿಸದು. ಕೋಡ್ ತಪ್ಪಿಸಲೆಂದೇ ಹೀಗೆ ಮಾಡಿದರು ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಆದರೆ ಸಂಪಾದಕ ಹಾರ್ವಿ ಕರ್ಟ್ಸ್‌ಮನ್ ಕಂಪನಿ ಬಿಟ್ಟು ಹೋಗದಿರಲಿ ಎಂದು ಮಾಡಿದೆ ಎಂದು ಗೇನ್ಸ್ ಅವರೇ ಹೇಳಿದ್ದಾರೆ.

ಮುಂದೆ ಕೋಡ್ ಸಡಿಲವಾದದ್ದು ನಿಧಾನವಾಗಿ. 1970ರಲ್ಲಿ ಅಮೆರಿಕದ ಆರೋಗ್ಯ ಇಲಾಖೆಯೇ ಸ್ಪೈಡರ್‌ಮ್ಯಾನ್ ಪ್ರಕಾಶಕರಾದ ಮಾರ್ವೆಲ್ ಕಂಪನಿಯ ಸಂಪಾದಕ ಸ್ಟ್ಯಾನ್ ಲೀ ಅವರಿಗೆ ಪತ್ರ ಬರೆದು, ಮಾದಕ ವಸ್ತುಗಳ ಅಪಾಯ ತಿಳಿಸುವ ಕಥೆ ಬೇಕೆಂದು ಕೇಳಿತು. ಸ್ಪೈಡರ್‌ಮ್ಯಾನ್‌ನ 96ರಿಂದ 98ನೇ ಸಂಚಿಕೆಗಳಲ್ಲಿ, 1971ರಲ್ಲಿ, ಆ ಕಥೆ ಬಂತು. ಮಾದಕ ವಸ್ತುವಿನ ಸುದ್ದಿಯೇ ಬೇಡ ಎಂದು ಕೋಡ್‌ನವರು ಮುದ್ರೆ ಕೊಡಲಿಲ್ಲ. ಮಾರ್ವೆಲ್ ಮುದ್ರೆ ಇಲ್ಲದೆಯೇ ಮೂರೂ ಸಂಚಿಕೆ ತಂದಿತು. ಆಕಾಶ ಕಳಚಿ ಬೀಳಲಿಲ್ಲ. ಅದೇ ವರ್ಷ ಕೋಡ್ ತಿದ್ದುಪಡಿಯಾಯಿತು. ರಕ್ತಪಿಶಾಚಿಗೆ, ತೋಳಮಾನವನಿಗೆ ಮತ್ತೆ ಪ್ರವೇಶ ಸಿಕ್ಕಿತು, ಯಾಕೆಂದರೆ ಡ್ರಾಕುಲಾದಂಥ ಹಳೆಯ ಸಾಹಿತ್ಯದ ಬೆಂಬಲ ಅವಕ್ಕಿತ್ತು. ಎದ್ದು ನಡೆಯುವ ಹೆಣಕ್ಕೆ ಅಂಥ ಬೆಂಬಲ ಇರಲಿಲ್ಲ, ಜಾಂಬಿ ಹೊರಗೇ ಉಳಿಯಿತು. ಹಾಗಾಗಿ ಮಾರ್ವೆಲ್ ಕಥೆಗಳಲ್ಲಿ ‘ಜುವೆಂಬಿ’ ಎಂಬ ಪದ ಬಳಸಿದರು. ಪ್ರಾಣಿ ಅದೇ, ಹೆಸರು ಮಾತ್ರ ಬೇರೆ.

1970ರ ದಶಕದಿಂದ ಕಾಮಿಕ್ಸ್‌ಗೆಂದೇ ಅಂಗಡಿಗಳು ಬಂದವು. ಆ ಅಂಗಡಿಯವರು ಮುದ್ರೆ ಕೇಳುತ್ತಿರಲಿಲ್ಲ. ಕೀಲಿ ಕೈ ಬದಲಾಯಿಸಿದಾಗ ಬೀಗವೂ ಸಡಿಲವಾಯಿತು. 2001ರಲ್ಲಿ ಮಾರ್ವೆಲ್ ಹೊರಬಂತು. 2011ರ ಜನವರಿಯಲ್ಲಿ ಸೂಪರ್‌ಮ್ಯಾನ್ ಪ್ರಕಾಶಕರಾದ ಡಿಸಿ, ಅದರ ಬೆನ್ನಿಗೇ ಆರ್ಚಿ ಕಂಪನಿ. ಅಲ್ಲಿಗೆ ಕೋಡ್ ಮುಗಿಯಿತು. ಆ ಮುದ್ರೆಯ ಹಕ್ಕು ಈಗ ಕಾಮಿಕ್ಸ್ ಸೆನ್ಸಾರ್ ವಿರುದ್ಧ ಹೋರಾಡುವ ಒಂದು ಕಾನೂನು ನೆರವು ಸಂಸ್ಥೆಯ ಬಳಿ ಇದೆ.

ಈ ಪದದಿಂದ ಇನ್ನೊಂದು ಪದವೂ ಹುಟ್ಟಿದೆ, ಸಂಗ್ರಾಹಕರ ಬಾಯಲ್ಲಿ ದಿನಾ ಓಡಾಡುವುದು: ‘ಪ್ರೀ-ಕೋಡ್’. ಅಂದರೆ ಕೋಡ್‌ಗಿಂತ ಮೊದಲು ಬಂದದ್ದು. ಪ್ರೀ-ಕೋಡ್ ಹಾರರ್ ಅಂದರೆ 1954ರ ತನಕದ, ಯಾರ ಅಪ್ಪಣೆಯೂ ಇಲ್ಲದೆ ಬರೆದ ಭಯಾನಕ ಕಾಮಿಕ್ಸ್. ಮುದ್ರೆ ಹೊತ್ತ ಪುಸ್ತಕಗಳು ಮಾರುಕಟ್ಟೆಗೆ ಬಂದದ್ದು 1955ರ ಆರಂಭದ ಹೊತ್ತಿಗೆ. ಹಳೆಯ ಅಮೆರಿಕನ್ ಕಾಮಿಕ್ ಎಲ್ಲಾದರೂ ಕಣ್ಣಿಗೆ ಬಿದ್ದರೆ ಮೊದಲು ತಾರೀಖು ನೋಡಿ, ಆಮೇಲೆ ಮುದ್ರೆ ಹುಡುಕಿ. 1955 ದಾಟಿಯೂ ಮುದ್ರೆ ಇಲ್ಲದಿದ್ದರೆ ಪ್ರಕಾಶಕರ ಹೆಸರು ಓದಿ. ಡೆಲ್ ಎಂದಿರಬಹುದು. ಸ್ಪೈಡರ್‌ಮ್ಯಾನ್‌ನ 1971ರ ಸಂಚಿಕೆಯಾಗಿ, ಮುದ್ರೆಯ ಜಾಗ ಖಾಲಿ ಇದ್ದರೆ, ಆ ಮೂರರಲ್ಲಿ ಒಂದು ನಿಮ್ಮ ಕೈಯಲ್ಲಿದೆ.