ಹಿಮ್ಮೇಳಕ್ಕೆ ಯಾರು ಅಂತ ಕೇಳುವ ಊರಲ್ಲಿ ಕೂತು ಆರ್‌ಇಎಂ ಕೇಳುವಾಗ

ನಮ್ಮ ಮಂಗಳೂರು ಕಡೆ ಯಕ್ಷಗಾನದ ಆಟಕ್ಕೆ ಹೋಗುವವರು ಮೇಳ ಯಾವುದು, ಪ್ರಸಂಗ ಯಾವುದು ಅಂತ ಕೇಳಿ ಸುಮ್ಮನಾಗೂದಿಲ್ಲ, ಭಾಗವತರು ಯಾರು, ಚೆಂಡೆಗೆ ಯಾರು, ಮದ್ದಳೆಗೆ ಯಾರು ಅಂತ ತಿಳ್ಕೊಂಡೇ ಹೊರಡೂದು. ನನ್ನ ಮಾವ ಅಂತೂ ಕಣ್ಣು ಮುಚ್ಚಿ ಕೂತು ಮದ್ದಳೆಯ ಪೆಟ್ಟು ಕೇಳಿಯೇ ಬಾರಿಸ್ತಿರುವವರ ಹೆಸರು ಹೇಳ್ತಿದ್ರು. ಅವರ ಪಕ್ಕ ಬೆಳಗಾಗುವವರೆಗೆ ಕೂತು ದೊಡ್ಡವನಾದ ನಾನು, ಕಾಲೇಜು ದಿನಗಳಲ್ಲಿ ಹಂಪನಕಟ್ಟೆಯಲ್ಲಿ ತಗೊಂಡ ಆರ್‌ಇಎಂ ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ ಕ್ಯಾಸೆಟ್ ಟೇಪ್ ಸವೆಯುವಷ್ಟು ಕೇಳಿದ್ದೇನೆ, ಆದ್ರೆ ಆ ಬ್ಯಾಂಡಿನ ನಾಲ್ಕು ಜನರನ್ನ ಬಿಟ್ಟು ಐದನೇ ಒಬ್ಬರ ಹೆಸರು ನನಗೆ ತುಂಬಾ ವರ್ಷ ಗೊತ್ತೇ ಇರ್ಲಿಲ್ಲ. ಇದು ನನಗೆ ಈಗ್ಲೂ ಬೇಜಾರಿನ ವಿಷಯ.

ಆರ್‌ಇಎಂ ಶುರುವಾದದ್ದು 1980ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಅಂತ ಒಂದು ಕಾಲೇಜು ಊರಲ್ಲಿ. ಹಾಡ್ಲಿಕ್ಕೆ ಮೈಕಲ್ ಸ್ಟೈಪ್, ಗಿಟಾರ್‌ಗೆ ಪೀಟರ್ ಬಕ್, ಬೇಸ್‌ಗೆ ಮೈಕ್ ಮಿಲ್ಸ್, ಡ್ರಮ್ಸ್‌ಗೆ ಬಿಲ್ ಬೆರಿ. ಹಾಡು ಯಾರೇ ಕಟ್ಲಿ, ಕ್ರೆಡಿಟ್ ಮಾತ್ರ ನಾಲ್ಕೂ ಹೆಸರಿಗೆ, ಅದು ಅವರ ನಿಯಮ. ಜಗಳ ಇಲ್ಲದೆ ಅಷ್ಟು ವರ್ಷ ಒಟ್ಟಿಗಿದ್ದದ್ದರಲ್ಲಿ ಆ ನಿಯಮದ್ದು ದೊಡ್ಡ ಪಾಲು ಅಂತ ನಾನು ನಂಬ್ತೇನೆ, ಆದ್ರೆ ಅದೇ ನಿಯಮ ನಾಲ್ಕು ಜನರ ಸುತ್ತ ಒಂದು ಬೇಲಿಯೂ ಆಯ್ತು, ಆಮೇಲೆ ಬಂದವರು ಎಷ್ಟೇ ದುಡಿದ್ರೂ ಬೇಲಿಯ ಆಚೆಯೇ ಉಳಿದ್ರು.

ಮೊದಮೊದಲು ಬೇರೆಯವರ ಅಗತ್ಯ ಅಷ್ಟು ಇರ್ಲಿಲ್ಲ. 1986, 87ರ ಟೂರ್‌ಗಳಲ್ಲಿ ಬ್ಯೂರೆನ್ ಫೌಲರ್ ಅಂತ ಒಬ್ಬರು ಎರಡನೇ ಗಿಟಾರ್ ಹಿಡಿದ್ರು. ಆಮೇಲೆ ಸ್ಟುಡಿಯೋದಲ್ಲಿ ಮ್ಯಾಂಡೊಲಿನ್, ಅಕಾರ್ಡಿಯನ್, ಆರ್ಗನ್ ಎಲ್ಲ ಸೇರಿ ಹಾಡು ದಪ್ಪ ಆಗ್ತಾ ಬಂತು, ಬಕ್ ಮ್ಯಾಂಡೊಲಿನ್ ಎತ್ತಿಕೊಂಡ್ರೆ ಗಿಟಾರ್ ಹಿಡಿಲಿಕ್ಕೆ ಒಬ್ಬರು ಬೇಕಲ್ಲ. ಹಾಗೆ 1989ರ ಟೂರ್‌ಗೆ ಬಂದವರು ಪೀಟರ್ ಹೋಲ್ಸಾಪಲ್, ಡಿಬೀಸ್ ಅನ್ನುವ ಬ್ಯಾಂಡಿನವರು. 1991ರಲ್ಲಿ ಇಡೀ ಜಗತ್ತು ಕೇಳಿದ 'ಲೂಸಿಂಗ್ ಮೈ ರಿಲಿಜನ್' ಉಂಟಲ್ಲ, ಅದ್ರಲ್ಲಿ ಅಕೂಸ್ಟಿಕ್ ಗಿಟಾರ್ ಬಾರಿಸಿದ್ದು ಇವರೇ. ಇನ್ನೊಮ್ಮೆ ಕೇಳಿ ನೋಡಿ, ಮೇಲೆ ಮ್ಯಾಂಡೊಲಿನ್ ಚಿಲಿಪಿಲಿ, ಕೆಳಗೆ ಬೇಸ್, ನಡುವೆ ಖಾಲಿ ಬೀಳ್ಬೇಕಾದ ಜಾಗದಲ್ಲಿ ಹೋಲ್ಸಾಪಲ್ ಮೆತ್ತಗೆ ಕೂತಿದ್ದಾರೆ, ಅವರನ್ನ ತೆಗೆದ್ರೆ ಹಾಡು ಅರ್ಧ ಕಟ್ಟಿದ ಮನೆ ಹಾಗೆ ಕೇಳ್ತದೆ. ಆ ಹಾಡಿಗೆ ಎರಡು ಗ್ರ್ಯಾಮಿ ಬಂತು. ಹೋಲ್ಸಾಪಲ್ ಅಷ್ಟರಲ್ಲಿ ತಮ್ಮ ದಾರಿ ಹಿಡಿದು ಹೋಗಿಯಾಗಿತ್ತು.

1995ರ ದೊಡ್ಡ ಟೂರ್‌ಗೆ ಇಬ್ಬರು ಬಂದ್ರು, ನೇಥನ್ ಡಿಸೆಂಬರ್ ಮತ್ತೆ ಸಿಯಾಟಲ್‌ನ ಸ್ಕಾಟ್ ಮೆಕಾಯಿ. ಆ ವರ್ಷ ಮಾರ್ಚ್ 1ಕ್ಕೆ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಶೋ ನಡೀತಿರುವಾಗಲೇ ಬಿಲ್ ಬೆರಿಗೆ ತಡೀಲಿಕ್ಕಾಗದ ತಲೆನೋವು ಬಂದು ಸ್ಟೇಜ್ ಬಿಡ್ಬೇಕಾಯ್ತು, ಮೆದುಳಿನ ರಕ್ತನಾಳ ಒಡೆದಿತ್ತು. ಅವತ್ತು ಡ್ರಮ್ಸ್ ಮುಂದೆ ಕೂತು ಶೋ ಮುಗಿಸಿಕೊಟ್ಟದ್ದು ಮೊದಲು ಬಾರಿಸಿ ಹೋಗಿದ್ದ ಗ್ರಾಂಟ್ ಲೀ ಬಫಲೋ ಬ್ಯಾಂಡಿನ ಜೋಯಿ ಪೀಟರ್ಸ್. ಮದ್ದಳೆಯವರಿಗೆ ಮೈ ಹುಷಾರಿಲ್ಲದಾಗ ಆಟ ನಿಲ್ಬಾರ್ದು ಅಂತ ಇನ್ನೊಬ್ಬರು ಬಂದು ಕೂರೂದನ್ನ ಕಂಡವರಿಗೆ ಆ ರಾತ್ರಿ ಹೇಗಿದ್ದಿರಬಹುದು ಅಂತ ನಾನು ಬೇರೆ ಹೇಳ್ಬೇಕಾಗಿಲ್ಲ.

ಬೆರಿ ಹುಷಾರಾಗಿ ಅದೇ ಟೂರ್‌ಗೆ ವಾಪಸ್ ಬಂದ್ರು, ಆದ್ರೆ 1997ರ ಅಕ್ಟೋಬರ್‌ನಲ್ಲಿ ಸಾಕು ಅಂತ ಬ್ಯಾಂಡ್ ಬಿಟ್ರು, ನಾನು ಹೋದದ್ದಕ್ಕೆ ಬ್ಯಾಂಡ್ ಒಡೆಯುವುದಾದ್ರೆ ಹೋಗೂದಿಲ್ಲ ಅಂತ ಮೊದಲೇ ಹೇಳಿಯೇ. ಮೂರು ಕಾಲಿನ ನಾಯಿಯೂ ನಾಯಿಯೇ, ಓಡೂದು ಬೇರೆ ರೀತಿ ಕಲೀಬೇಕು ಅಷ್ಟೇ ಅಂತ ಸ್ಟೈಪ್ ಹೇಳಿದ್ರು. ಆ ಓಟ ಕಲಿಸಿದ್ದು ಯಾರು ಅನ್ನೂದೇ ನನ್ನ ಮಾತು. 1998ರಿಂದ ಸ್ಟೇಜಲ್ಲಿ ಮೂವರ ಜೊತೆ ಮೆಕಾಯಿ, ಪೋಸೀಸ್ ಬ್ಯಾಂಡಿನ ಕೆನ್ ಸ್ಟ್ರಿಂಗ್‌ಫೆಲೋ, ಡ್ರಮ್ಸ್‌ಗೆ ಜೋಯಿ ವರಾಂಕರ್, ಅಂದ್ರೆ ಅರ್ಧಕ್ಕರ್ಧ ಹೊರಗಿನವರು. 2003ರಲ್ಲಿ ಡ್ರಮ್ಸ್‌ಗೆ ಬಿಲ್ ರಿಫ್ಲಿನ್ ಬಂದ್ರು, ಹಿಂದೆ ಮಿನಿಸ್ಟ್ರಿ ಅನ್ನುವ ಬ್ಯಾಂಡಿನಂಥ ಕಬ್ಬಿಣ ಕುಟ್ಟಿದ ಹಾಗಿನ ಸಂಗೀತಕ್ಕೆ ಬಾರಿಸಿದವರು ಇಲ್ಲಿ ಬಂದು ಹಾಡಿಗೆ ಎಷ್ಟು ಬೇಕೋ ಅಷ್ಟೇ ಬಾರಿಸಿದ್ರು, ಬೇಕಾದಲ್ಲಿ ಕೀಬೋರ್ಡಿಗೂ ಕೂತ್ರು. 2008ರ ಆಲ್ಬಮಲ್ಲಿ ಬ್ಯಾಂಡಿಗೆ ಮತ್ತೆ ಜೀವ ಬಂತು ಅಂತ ಎಲ್ಲರೂ ಹೊಗಳಿದ್ರಲ್ಲ, ಆ ಜೀವದ ಬಡಿತ ರಿಫ್ಲಿನ್ ಕೈಯದ್ದು.

ಮೆಕಾಯಿ ಅಂತೂ 2011ರ ಸೆಪ್ಟೆಂಬರ್‌ನಲ್ಲಿ ಬ್ಯಾಂಡ್ ಮುಗಿಯುವವರೆಗೆ ಇದ್ರು, ಹದಿನಾರು ವರ್ಷಕ್ಕಿಂತ ಜಾಸ್ತಿ, ಅಂದ್ರೆ ಬೆರಿ ಇದ್ದಷ್ಟೇ ಹೆಚ್ಚುಕಡಿಮೆ! ಆದ್ರೂ 2007ರಲ್ಲಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮಿಗೆ, ಅಂದ್ರೆ ದೊಡ್ಡ ರಾಕ್ ಕಲಾವಿದರ ಗೌರವದ ಪಟ್ಟಿಗೆ, ಸೇರಿದ್ದು ನಾಲ್ಕೇ ಹೆಸರು. ಬೆರಿಯ ಹೆಸರು ಇರ್ಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ, ನನಗೆ ನೋವು ಪಕ್ಕದಲ್ಲಿ ಇನ್ನೊಂದೆರಡು ಹೆಸರಿಗೆ ಜಾಗ ಸಿಗ್ಲಿಲ್ಲವಲ್ಲ ಅಂತ. ನಮ್ಮ ಯಕ್ಷಗಾನಕ್ಕೂ ಅದಕ್ಕೂ ಪೂರ್ತಿ ಹೋಲಿಕೆ ಆಗೂದಿಲ್ಲ ಸರಿ, ಇಲ್ಲಿ ಹಿಮ್ಮೇಳದ ಭಾಗವತರೇ ಇಡೀ ಆಟ ನಡೆಸೂದು, ಆದ್ರೆ ವೇಷದವರ ಜೊತೆ ಬಾರಿಸುವವರ ಹೆಸರೂ ಹೇಳಿ ಗೌರವಿಸುವ ನಮ್ಮ ಕ್ರಮ ಉಂಟಲ್ಲ, ಅದು ಆ ಕಡೆಗೂ ಹೋಗ್ಬೇಕಿತ್ತು.

2017ರಲ್ಲಿ ಮೆಕಾಯಿಗೆ ಸ್ಟ್ರೋಕ್ ಆಯ್ತು, ಮಾತೇ ಹೋಗಿತ್ತು, ಬಕ್, ಮಿಲ್ಸ್ ಎಲ್ಲ ಸೇರಿ ಅವರಿಗೋಸ್ಕರ ಪೋರ್ಟ್‌ಲೆಂಡಲ್ಲಿ ಬಾರಿಸಿದ್ರು. ಅವರು ಚೇತರಿಸಿಕೊಂಡು ಈ ಇಬ್ಬರ ಜೊತೆಗೇ ಇನ್ನೊಂದು ಬ್ಯಾಂಡಲ್ಲಿ ಮತ್ತೆ ಬಾರಿಸಿದ್ರು. ರಿಫ್ಲಿನ್ 2020ರ ಮಾರ್ಚಲ್ಲಿ ಕ್ಯಾನ್ಸರಿಂದ ತೀರಿಕೊಂಡ್ರು, 59 ವರ್ಷ ಅಷ್ಟೇ.

ಮೆಕಾಯಿ, ರಿಫ್ಲಿನ್ ಇವರಿಬ್ಬರನ್ನ ಸರಿಯಾಗಿ ಕೇಳ್ಬೇಕಾದ್ರೆ 2007ರಲ್ಲಿ ಡಬ್ಲಿನ್‌ನ ಒಲಿಂಪಿಯಾ ಥಿಯೇಟರಲ್ಲಿ ರೆಕಾರ್ಡ್ ಮಾಡಿದ ಲೈವ್ ಆಲ್ಬಮ್ ಹಾಕಿ, 39 ಹಾಡು ಉಂಟು. ಹೊಸ ಹಾಡುಗಳನ್ನ ಜನರ ಮುಂದೆಯೇ ಪ್ರಾಕ್ಟೀಸ್ ಮಾಡಿದ ರಾತ್ರಿಗಳು ಅವು, ತಾವು ಬ್ಯಾಂಡಲ್ಲಿ ಇಲ್ಲದ ಕಾಲದ ಹಳೇ ಹಾಡುಗಳನ್ನ ಇವರಿಬ್ಬರು ಎಷ್ಟು ಪ್ರೀತಿಯಿಂದ ಬಾರಿಸಿದ್ದಾರೆ ಅಂದ್ರೆ, ನಾನು ಮೊನ್ನೆ ಮಳೆಗೆ ಕರೆಂಟ್ ಹೋಗಿ ಕತ್ತಲಲ್ಲಿ ಹೆಡ್‌ಫೋನ್ ಹಾಕಿ ಕೇಳ್ತಾ ಮಾವನ ಹಾಗೆ ಕಣ್ಣು ಮುಚ್ಚಿ ಕೂತಿದ್ದೆ, ಈ ಪೆಟ್ಟು ರಿಫ್ಲಿನ್, ಆ ಗಿಟಾರ್ ಮೆಕಾಯಿ ಇರ್ಬೇಕು ಅಂತ ಒಬ್ಬನೇ ಹೆಸರು ಹೇಳ್ತಾ.